ದೀಪಕ್ಕೆ ಬರುವ ಪತಂಗ, ಎಲೆಯ ಮೇಲಿನ ಹುಳು

ಮುಂಗಾರಿನ ಮೊದಲ ಮಳೆಗಳು ಬಿದ್ದು ನೆಲ ತಣಿದ ಮೇಲೆ, ಸಂಜೆ ದೀಪ ಹೊತ್ತಿಸಿದೊಡನೆಯೇ ಮನೆಯೊಳಕ್ಕೆ ಹುಳುಗಳ ದಂಡು ನುಗ್ಗುವುದನ್ನು ನಾವೆಲ್ಲರೂ ಕಂಡಿದ್ದೇವೆ. ಕಿಟಕಿ ಮುಚ್ಚುವುದು, ದೀಪ ಆರಿಸುವುದು, ಊಟದ ತಟ್ಟೆಯನ್ನು ಕೈಯಿಂದ ಮರೆಮಾಡಿಕೊಳ್ಳುವುದು, ಇವು ಆ ಹೊತ್ತಿನಲ್ಲಿ ನಾವು ಮಾಡುವ ಕೆಲಸಗಳು. ಆ ದಂಡಿನಲ್ಲಿ ಈಸಲು ಹುಳುಗಳಿರುತ್ತವೆ, ದುಂಬಿಗಳಿರುತ್ತವೆ, ಹಲವು ಬಗೆಯ ಪತಂಗಗಳೂ ಇರುತ್ತವೆ. ಮರುದಿನ ಬೆಳಗ್ಗೆ ಕಸಬರಿಕೆಯ ಪಾಲಾಗುವ ಈ ಪತಂಗಗಳಲ್ಲಿ ಒಂದನ್ನಾದರೂ ಹತ್ತಿರದಿಂದ ನೋಡಿದವರು ವಿರಳ. ನೋಡಿದವರು, ಇದು ಎಲ್ಲಿಂದ ಬಂದಿತು, ಹುಳುವಾಗಿದ್ದಾಗ ಯಾವ ಗಿಡದ ಎಲೆಯನ್ನು ತಿಂದು ಬೆಳೆಯಿತು ಎಂದು ಕೇಳಿಕೊಂಡಿದ್ದರೆ, ಉತ್ತರ ಸುಲಭವಾಗಿ ದೊರೆತಿರಲಾರದು. ಆ ಉತ್ತರವನ್ನು ಪಡೆಯುವ ಬಗೆಯನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಆಡುಮಾತಿನಲ್ಲಿ ಚಿಟ್ಟೆಗೂ ಪತಂಗಕ್ಕೂ ಭೇದ ಮಾಡುವ ವಾಡಿಕೆಯಿಲ್ಲ. ಎರಡೂ ಒಂದೇ ಗಣಕ್ಕೆ ಸೇರಿದ ಕೀಟಗಳು. ಎರಡರ ರೆಕ್ಕೆಗಳ ಮೇಲೂ, ಮುಟ್ಟಿದರೆ ಬೆರಳಿಗೆ ಹುಡಿಯಾಗಿ ಅಂಟುವ ಸಣ್ಣ ಹುರುಪೆಗಳಿವೆ. ಚಿಟ್ಟೆಯ ಕುಡಿಮೀಸೆಯ ತುದಿ ಗುಂಡಾಗಿ ಉಬ್ಬಿರುತ್ತದೆ. ಪತಂಗದ ಕುಡಿಮೀಸೆ ದಾರದಂತೆಯೋ ಹಕ್ಕಿಯ ಗರಿಯಂತೆಯೋ ಇರುತ್ತದೆ. ಚಿಟ್ಟೆ ಹಗಲಿನದು, ಪತಂಗ ಇರುಳಿನದು ಎಂಬ ಮಾತು ಬಹುಮಟ್ಟಿಗೆ ನಿಜವಾದರೂ ಪೂರ್ತಿ ನಂಬತಕ್ಕದ್ದಲ್ಲ. ಕಾಫಿ ಗಿಡದಲ್ಲಿ ಹುಳುವಾಗಿ ಬೆಳೆಯುವ, ಗಾಜಿನಂತಹ ರೆಕ್ಕೆಯುಳ್ಳ ಪತಂಗವೊಂದು ನಡುಹಗಲಿನಲ್ಲಿ ಹೂವಿನ ಮುಂದೆ ನಿಂತಲ್ಲೇ ಹಾರಾಡುತ್ತ ಜೇನು ಹೀರುವುದುಂಟು. ಜಗತ್ತಿನಲ್ಲಿ ಇದುವರೆಗೆ ಹೆಸರಿಟ್ಟಿರುವ ಚಿಟ್ಟೆಗಳ ಜಾತಿಗಳು ಸುಮಾರು 18,000. ಪತಂಗಗಳಾದರೋ 1,40,000ಕ್ಕೂ ಮಿಕ್ಕಿವೆ. ಭಾರತವೊಂದರಲ್ಲೇ ಸುಮಾರು 10,000 ಜಾತಿಯ ಪತಂಗಗಳಿವೆ. ಹೀಗಿದ್ದರೂ ನಮ್ಮ ಕಣ್ಣು ಚಿಟ್ಟೆಯ ಮೇಲೆಯೇ ಹೋಗುವುದು ವಿಚಿತ್ರ.

ದೀಪಕ್ಕೆ ಬಂದ ಪತಂಗವನ್ನು ಹಿಡಿದು, ಅಳತೆ ತೆಗೆದು, ಹೆಸರು ಗುರುತಿಸುವುದು ಕೆಲಸದ ಅರ್ಧ ಮಾತ್ರ. ದೀಪವು ತೋರಿಸುವುದು ಪತಂಗದ ಬಾಳಿನ ಕೊನೆಯ ಕೆಲವು ದಿನಗಳನ್ನು. ಅದು ತಿಂದದ್ದು, ಬೆಳೆದದ್ದು, ಶತ್ರುಗಳಿಂದ ತಪ್ಪಿಸಿಕೊಂಡದ್ದು ಎಲ್ಲವೂ ಅದಕ್ಕೆ ಮುಂಚೆ, ಹುಳುವಿನ ರೂಪದಲ್ಲಿ ನಡೆದುಹೋಗಿರುತ್ತದೆ. ನಮ್ಮ ದೇಶದ ಎಷ್ಟೋ ಪತಂಗಗಳಿಗೆ ಹೆಸರುಂಟು, ಚಿತ್ರವುಂಟು. ಅವುಗಳ ಹುಳು ಹೇಗಿದೆ, ಯಾವ ಗಿಡವನ್ನು ತಿನ್ನುತ್ತದೆ ಎಂಬುದನ್ನು ಇಂದಿಗೂ ಯಾರೂ ಬರೆದಿಟ್ಟಿಲ್ಲ. ಈ ಕೊರತೆಯನ್ನು ತುಂಬಲು ದೊಡ್ಡ ಪ್ರಯೋಗಶಾಲೆ ಬೇಕಿಲ್ಲ. ಗಾಜಿನ ಭರಣಿ, ದಿನವೂ ತಾಜಾ ಎಲೆ, ಒಂದು ನೋಟುಪುಸ್ತಕ ಇಷ್ಟಿದ್ದರೆ ಹೈಸ್ಕೂಲಿನ ವಿದ್ಯಾರ್ಥಿಯೂ ಕೈಹಾಕಬಹುದು.

ಹುಳುವಿನ ಬಾಳನ್ನು ತಿಳಿಯುವುದರಿಂದ ಆಗುವ ಪ್ರಯೋಜನಕ್ಕೆ ನಮ್ಮ ಬಯಲುಸೀಮೆಯಲ್ಲೇ ನಿದರ್ಶನವಿದೆ. ಕಡಲೆಕಾಯಿ ಬೆಳೆಯುವ ರೈತರಿಗೆ ಕೆಂಪು ಕಂಬಳಿಹುಳುವಿನ ಪರಿಚಯ ಚೆನ್ನಾಗಿಯೇ ಇದೆ. ಈ ಹುಳುಗಳು ಬಲಿತ ಮೇಲೆ ಹೊಲದಿಂದ ಹೊಲಕ್ಕೆ ಹಿಂಡುಹಿಂಡಾಗಿ ನಡೆದು ಪೈರನ್ನು ಕಡ್ಡಿ ಮಾಡಿಬಿಡುವುವು. ಆ ಹೊತ್ತಿನಲ್ಲಿ ಅವನ್ನು ತಡೆಯುವುದು ಬಲು ಕಷ್ಟ. ಆದರೆ ಹುಳುವನ್ನು ಸಾಕಿ ನೋಡಿದವರು ಕಂಡುಕೊಂಡ ಸಂಗತಿ ಇದು: ಅದು ಮಣ್ಣಿನೊಳಗೆ ಹೋಗಿ ಕೋಶವಾಗುತ್ತದೆ, ತಿಂಗಳುಗಟ್ಟಲೆ ಅಲ್ಲೇ ಬಿದ್ದಿರುತ್ತದೆ, ಮುಂಗಾರಿನ ಜೋರು ಮಳೆ ಬಿದ್ದ ಕೆಲವೇ ದಿನಗಳಲ್ಲಿ ಪತಂಗಗಳು ಒಟ್ಟಿಗೆ ಹೊರಬರುತ್ತವೆ. ಬಿಳಿಯ ರೆಕ್ಕೆಯ ಈ ಪತಂಗಗಳು ಬೆಳಕಿಗೆ ಬರುತ್ತವೆ. ಆದುದರಿಂದ ಆ ಕೆಲವು ರಾತ್ರಿಗಳಲ್ಲಿ ಊರಿನವರೆಲ್ಲ ಸೇರಿ ಹೊಲದಲ್ಲಿ ದೀಪದ ಬಲೆಯನ್ನೋ ಬೆಂಕಿಯನ್ನೋ ಇಟ್ಟರೆ, ಮೊಟ್ಟೆಯಿಡುವ ಮುಂಚೆಯೇ ಬಹಳಷ್ಟು ಪತಂಗಗಳನ್ನು ನಿವಾರಿಸಬಹುದು. ದೀಪವನ್ನು ಯಾವ ರಾತ್ರಿ ಇಡಬೇಕೆಂದು ಹೇಳಿಕೊಟ್ಟದ್ದು ದೀಪವಲ್ಲ, ಹುಳುವಿನ ಚರಿತ್ರೆ.

ಈಗ ದೀಪದ ಏರ್ಪಾಡನ್ನು ನೋಡೋಣ. ಹಳೆಯ ಬಿಳಿ ಪಂಚೆಯೊಂದನ್ನು ಎರಡು ಕಂಬಗಳ ನಡುವೆ ಕಟ್ಟಿದ ಹಗ್ಗದ ಮೇಲೆ ಇಳಿಬಿಡಬೇಕು. ಅದರ ಕೆಳಗಿನ ಭಾಗ ನೆಲದ ಮೇಲೂ ಒಂದು ಮೊಳ ಹರಡಿರಲಿ. ಅನೇಕ ಪತಂಗಗಳು ಬಟ್ಟೆಗೆ ತಾಗಿ ಕೆಳಗೆ ಬಿದ್ದು ಅಲ್ಲೇ ಕುಳಿತುಕೊಳ್ಳುವುವು. ಪಂಚೆಯ ಮುಂದೆ ಎದೆಮಟ್ಟದಲ್ಲಿ ದೀಪವನ್ನು ತೂಗುಹಾಕಬೇಕು. ಪತಂಗದ ಕಣ್ಣು ನಮಗೆ ಕಾಣದ ಅತಿನೇರಿಳೆ ಕಿರಣಗಳನ್ನೂ ಕಾಣುತ್ತದೆ. ಆದುದರಿಂದ ಹಳದಿ ಬೆಳಕಿನ ಬಲ್ಬಿಗಿಂತ ನೀಲಿ ಮತ್ತು ಅತಿನೇರಿಳೆ ಬೆಳಕನ್ನು ಸೂಸುವ ದೀಪಕ್ಕೆ ಹೆಚ್ಚು ಪತಂಗಗಳು ಬರುವುವು. ಬಹುಕಾಲ ಕೀಟಶಾಸ್ತ್ರಜ್ಞರು ಪಾದರಸದ ಆವಿಯ ದೀಪವನ್ನು ಬಳಸುತ್ತಿದ್ದರು. ಈಗ ಅತಿನೇರಿಳೆ ಕೊಳವೆ ದೀಪಗಳು ಸಾಕಾಗುತ್ತವೆ. ಅಂಥ ದೀಪವನ್ನು ನೆಟ್ಟನೋಟದಿಂದ ನೋಡಬಾರದು. ಒದ್ದೆ ಹುಲ್ಲಿನ ಮೇಲೆ ವಿದ್ಯುತ್ತಿನ ತಂತಿಯನ್ನು ಹಾಸಬಾರದು; ಮಳೆ ಹನಿದೊಡನೆ ದೀಪವನ್ನು ಆರಿಸಿಬಿಡಬೇಕು. ಏನೂ ಇಲ್ಲದವರು ಮನೆಯ ಜಗಲಿಯ ದೀಪದ ಹಿಂದಿನ ಸುಣ್ಣದ ಗೋಡೆಯಿಂದಲೇ ಮೊದಲು ಮಾಡಬಹುದು.

ಬಟ್ಟೆಯ ಮುಂದೆ ಕಾದು ಕುಳಿತುಕೊಳ್ಳಲು ಆಗದವರಿಗೆ ಪೆಟ್ಟಿಗೆಯ ಬಲೆ ಇದೆ. ಇಂಗ್ಲೆಂಡಿನ ರಾಬಿನ್ಸನ್‌ರು 1950ರಲ್ಲಿ ವರ್ಣಿಸಿದ ಬಲೆ ಈ ಬಗೆಯದು. ಅಗಲವಾದ ಬಕೆಟ್ಟಿನ ಬಾಯಿಗೆ ಆಲಿಕೆ, ಅದರ ಮೇಲೆ ದೀಪ, ಬಕೆಟ್ಟಿನೊಳಗೆ ಅಂಗಡಿಯಲ್ಲಿ ಕೋಳಿಮೊಟ್ಟೆ ಜೋಡಿಸಿಡುವ ರಟ್ಟಿನ ತಟ್ಟೆಗಳು. ಒಳಗೆ ಬಿದ್ದ ಪತಂಗಗಳು ತಟ್ಟೆಯ ಗುಳಿಗಳಲ್ಲಿ ಅಡಗಿ ಬೆಳಗಿನ ತನಕ ಸುಮ್ಮನಿರುವುವು. ವಿಷವನ್ನು ಇಡುವ ಅಗತ್ಯವಿಲ್ಲ. ನೋಡಿ, ಚಿತ್ರ ತೆಗೆದು, ಎಣಿಸಿ ಪೊದೆಯೊಳಗೆ ಬಿಟ್ಟುಬಿಟ್ಟರಾಯಿತು. ಇದನ್ನು ಹೊತ್ತು ಮೂಡುವ ಮೊದಲೇ ಮಾಡಬೇಕು. ತಡಮಾಡಿದರೆ ಕಾಜಾಣವೂ ಮಡಿವಾಳ ಹಕ್ಕಿಯೂ ನಿಮಗಿಂತ ಮುಂಚೆ ಬಂದು ಬಟ್ಟೆಯನ್ನು ಬರಿದು ಮಾಡುವುವು. ಎರಡು ಮೂರು ದಿನ ಒಂದೇ ಕಡೆ ದೀಪವಿಟ್ಟರೆ ಆ ಹಕ್ಕಿಗಳು ಸ್ಥಳವನ್ನು ನೆನಪಿಟ್ಟುಕೊಳ್ಳುವುದೂ ಉಂಟು.

ಎಲ್ಲ ರಾತ್ರಿಗಳೂ ಒಂದೇ ಸಮನಲ್ಲ. ಗಾಳಿಯಿಲ್ಲದ, ಮೋಡ ಕವಿದ, ಸೆಕೆಯ ರಾತ್ರಿ ಉತ್ತಮ. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ಸಿ. ಬಿ. ವಿಲಿಯಮ್ಸ್ ಎಂಬವರು 1933ರಿಂದ ರಾತ್ರಿ ರಾತ್ರಿಯೂ ದೀಪದ ಬಲೆಯಿಟ್ಟು ಲೆಕ್ಕ ಬರೆದರು. ಹುಣ್ಣಿಮೆಯ ಸುಮಾರಿಗೆ ಬಲೆಗೆ ಬೀಳುವ ಪತಂಗಗಳು ಕಡಿಮೆಯಾಗುವುದನ್ನು ತೋರಿಸಿದರು. ಅಂಥ ದೀರ್ಘಕಾಲದ ಲೆಕ್ಕಗಳ ಬೆಲೆ ಬಹಳ ತಡವಾಗಿ ತಿಳಿಯುತ್ತದೆ. ಬ್ರಿಟನ್ನಿನಲ್ಲಿ 1968ರಿಂದ 2017ರವರೆಗಿನ ಬಲೆಗಳ ಲೆಕ್ಕವನ್ನು ಕೂಡಿಸಿ ನೋಡಿದಾಗ, ದೊಡ್ಡ ಪತಂಗಗಳ ಒಟ್ಟು ಸಂಖ್ಯೆ ಮೂರರಲ್ಲಿ ಒಂದು ಪಾಲಿನಷ್ಟು ಇಳಿದಿರುವುದು ಗೊತ್ತಾಯಿತು.

ಪತಂಗವು ದೀಪಕ್ಕೆ ಬರುವುದೇಕೆ? ಕವಿಗಳು ಇದನ್ನು ಪ್ರೇಮವೆಂದರು. ವಿಜ್ಞಾನಿಗಳು ಬಹುಕಾಲ ಚಂದ್ರನ ಕಡೆಗೆ ಕೈ ತೋರಿಸಿದರು. ಪತಂಗವು ದೂರದ ಚಂದ್ರನನ್ನು ಒಂದೇ ಕೋನದಲ್ಲಿ ಇರಿಸಿಕೊಂಡು ನೇರವಾಗಿ ಹಾರುತ್ತದೆ, ಹತ್ತಿರದ ದೀಪವನ್ನು ಚಂದ್ರನೆಂದು ಬಗೆದು ಅದೇ ಕೋನವನ್ನು ಕಾಪಾಡಹೋಗಿ ಸುರುಳಿಯಾಗಿ ಸುತ್ತುತ್ತ ಒಳಕ್ಕೆ ಬೀಳುತ್ತದೆ ಎಂಬುದು ಆ ವಾದ. 2024ರ ಜನವರಿಯಲ್ಲಿ ಸ್ಯಾಮ್ಯುಯೆಲ್ ಫೇಬಿಯನ್, ಯಶ್ ಸೋಂಧಿ ಮತ್ತು ಅವರ ಸಂಗಡಿಗರು ಬೇರೊಂದು ವಿವರಣೆಯನ್ನು ಪ್ರಕಟಿಸಿದರು. ಪ್ರಯೋಗಶಾಲೆಯಲ್ಲಿಯೂ ಕೋಸ್ಟರೀಕ ದೇಶದ ಕಾಡಿನಲ್ಲಿಯೂ ಅತಿವೇಗದ ಕ್ಯಾಮೆರಾಗಳಿಂದ ಕೀಟಗಳ ಹಾರಾಟವನ್ನು ಅವರು ಚಿತ್ರಿಸಿದರು. ಇರುಳಿನಲ್ಲಿಯೂ ಆಕಾಶವು ನೆಲಕ್ಕಿಂತ ಬೆಳಕಾಗಿರುತ್ತದೆ. ಆದುದರಿಂದ ಹಾರುವ ಕೀಟಕ್ಕೆ, ಬೆನ್ನನ್ನು ಬೆಳಕಿನ ಕಡೆಗೆ ತಿರುಗಿಸಿಕೊಂಡಿದ್ದರೆ ತಾನು ನೆಟ್ಟಗಿದ್ದೇನೆ ಎಂದು ತಿಳಿಯುತ್ತದೆ. ಕೋಟ್ಯಂತರ ವರ್ಷ ಈ ಉಪಾಯ ಸರಿಯಾಗಿಯೇ ನಡೆಯಿತು. ದೀಪದ ಪಕ್ಕದಲ್ಲಿ ಹಾರುವಾಗ ಅದೇ ಉಪಾಯ ಕೆಡುತ್ತದೆ: ಬೆನ್ನು ದೀಪದ ಕಡೆ ವಾಲಿ ದಾರಿ ಬಾಗುತ್ತದೆ, ಕೀಟವು ದೀಪವನ್ನು ಸುತ್ತತೊಡಗುತ್ತದೆ. ದೀಪದ ಮೇಲೆ ಹಾರಿದರೆ ಅಂಗಾತ ಮಗುಚಿ ಬೀಳುತ್ತದೆ. ಎಂದರೆ ಅದು ದೀಪದ ಆಸೆಗೆ ಬಂದದ್ದಲ್ಲ, ಹಾದುಹೋಗುವಾಗ ಸಿಕ್ಕಿಬಿದ್ದದ್ದು. ಬಹು ದೂರದ ಪತಂಗಗಳು ದೀಪದ ಬಳಿಗೆ ಬರುವುದನ್ನು ಇದೊಂದೇ ಪೂರ್ತಿ ವಿವರಿಸಲಾರದು ಎಂಬುದನ್ನೂ ಹೇಳಬೇಕು.

ಆ ಪರೀಕ್ಷೆಯಲ್ಲಿ ಹೀಗೆ ವಾಲದೆ ದೀಪದ ಮೇಲೆಯೇ ನಿರಾಯಾಸವಾಗಿ ಹಾರಿಹೋದ ಪತಂಗವೊಂದಿತ್ತು. ಅದು ನಮ್ಮ ಊರೂರಿನಲ್ಲಿರುವ ಕಣಗಿಲೆ ಪತಂಗ. ಹಸಿರಿನ ಹಲವು ಛಾಯೆಗಳ ನಡುವೆ ಬಿಳಿ ಮತ್ತು ನಸುಗೆಂಪು ಪಟ್ಟೆಗಳುಳ್ಳ ಇದರ ರೆಕ್ಕೆ, ಸೈನಿಕರ ಸಮವಸ್ತ್ರವನ್ನು ನೆನಪಿಗೆ ತರುತ್ತದೆ. ದೀಪದ ಬಟ್ಟೆಗೆ ಇದು ಬಂದರೆ ಬಂದಿತು, ಇಲ್ಲದಿದ್ದರೆ ಇಲ್ಲ. ದೀಪವನ್ನೇ ನಂಬಿ ಲೆಕ್ಕ ಬರೆದವನು ತನ್ನ ತೋಟದಲ್ಲಿ ಈ ಪತಂಗವೇ ಇಲ್ಲವೆಂದು ತಿಳಿದಾನು. ಆದರೆ ದೇವಸ್ಥಾನದ ಅಂಗಳದ ನಂದಿಬಟ್ಟಲನ್ನು ಹುಡುಕಿದರೆ ಇದರ ಹುಳು ಸಿಕ್ಕೀತು. ಮನೆಯಲ್ಲಿ ಸಾಕಿ ಕಲಿಯುವುದಕ್ಕೆ ಇದಕ್ಕಿಂತ ಒಳ್ಳೆಯ ಹುಳುವನ್ನು ನಾವು ಕಾಣೆವು.

ಹುಳು ಸಾಕುವ ವಿದ್ಯೆಗೆ ಕನ್ನಡ ನಾಡಿನಲ್ಲಿ ಹಳೆಯ ಪರಂಪರೆಯಿದೆ. ರೇಷ್ಮೆಯ ಮಾತು ಎಲ್ಲರಿಗೂ ಗೊತ್ತು. ಕಾರವಾರದ ಮಾತು ಅಷ್ಟು ಪ್ರಸಿದ್ಧವಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಉತ್ತರ ಕನ್ನಡ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿದ್ದಾಗ, ಮೂವರು ಇಂಗ್ಲಿಷ್ ಸರಕಾರದ ಅಧಿಕಾರಿಗಳು, ಕಲೆಕ್ಟರ್ ಡೇವಿಡ್‌ಸನ್, ಉಪ್ಪಿನ ಸುಂಕದ ಇಲಾಖೆಯ ಏಟ್ಕನ್, ಅರಣ್ಯ ಇಲಾಖೆಯ ಟಿ. ಆರ್. ಬೆಲ್, ಆ ಜಿಲ್ಲೆಯ ಚಿಟ್ಟೆಗಳ ಹುಳುಗಳನ್ನು ಹುಡುಕಿ ಸಾಕತೊಡಗಿದರು. 1896ರಿಂದ ಮುಂಬಯಿಯ ನಿಸರ್ಗ ಇತಿಹಾಸ ಸಂಘದ ಪತ್ರಿಕೆಯಲ್ಲಿ ಅವರ ಲೇಖನಮಾಲೆ ಬಂದಿತು. ಮುಂದೆ ಬೆಲ್ ಅವರು ಪತಂಗಗಳ ಕಡೆಗೂ ತಿರುಗಿ, ಸ್ಕಾಟ್ ಎಂಬವರೊಡನೆ 1937ರಲ್ಲಿ ಭಾರತದ ಗಿಡುಗ ಪತಂಗಗಳ ಮೇಲೆ ದೊಡ್ಡ ಗ್ರಂಥವನ್ನು ಹೊರತಂದರು. ವೇಗವಾಗಿ ಹಾರುವ, ಚೂಪುರೆಕ್ಕೆಯ ಈ ಕುಟುಂಬಕ್ಕೇ ನಮ್ಮ ಕಣಗಿಲೆ ಪತಂಗವೂ ಸೇರಿದೆ. ಇದಕ್ಕೆ ಮುಂಚೆ, ನೀಲಗಿರಿಯಲ್ಲಿ ಚಹಾ ತೋಟಗಾರರಾಗಿದ್ದ ಹ್ಯಾಂಪ್‌ಸನ್ ಅವರು 1892ರಿಂದ 1896ರೊಳಗೆ ಭಾರತದ ಪತಂಗಗಳ ನಾಲ್ಕು ಸಂಪುಟಗಳನ್ನು ಬರೆದಿದ್ದರು. ಅವು ಹೆಚ್ಚಾಗಿ ಸೂಜಿಗೆ ಚುಚ್ಚಿದ ಪತಂಗಗಳನ್ನು ನೋಡಿ ಬರೆದವು. ಬೆಲ್ ಅವರ ಗ್ರಂಥದಲ್ಲಿ ಮೊಟ್ಟೆ, ಹುಳು, ಕೋಶ, ತಿನ್ನುವ ಗಿಡ ಎಲ್ಲವೂ ಇವೆ. ಒಂದನ್ನು ಬರೆಯಲು ವಸ್ತುಸಂಗ್ರಹಾಲಯ ಬೇಕು. ಇನ್ನೊಂದಕ್ಕೆ ಕಾಡಿನ ಪಕ್ಕದ ಮನೆ ಮತ್ತು ತಾಳ್ಮೆ ಬೇಕು.

ಹುಳುವನ್ನು ಪಡೆಯುವುದಕ್ಕೆ ಎರಡು ದಾರಿಗಳಿವೆ. ದೀಪಕ್ಕೆ ಬಂದ ದಪ್ಪ ಹೊಟ್ಟೆಯ ಹೆಣ್ಣು ಪತಂಗವನ್ನು ಒಂದು ರಾತ್ರಿ ಕಾಗದದ ಚೀಲದಲ್ಲಿಟ್ಟರೆ ಎಷ್ಟೋ ವೇಳೆ ಅದು ಅಲ್ಲೇ ಮೊಟ್ಟೆಯಿಡುತ್ತದೆ. ತೊಡಕೆಂದರೆ, ಮೊಟ್ಟೆಯೊಡೆದು ಬಂದ ಮರಿಗೆ ಯಾವ ಎಲೆ ಕೊಡಬೇಕೆಂಬುದು ತಿಳಿಯದು. ಬಹಳ ಹುಳುಗಳು ತಮ್ಮ ಗಿಡವಲ್ಲದೆ ಬೇರೆಯದನ್ನು ಮೂಸಿಯೂ ನೋಡದೆ ಉಪವಾಸ ಸಾಯುವುವು. ಆದುದರಿಂದ ಹೊಸಬರಿಗೆ ಎರಡನೆಯ ದಾರಿಯೇ ಮೇಲು: ಗಿಡದ ಮೇಲೆಯೇ ಹುಳುವನ್ನು ಹುಡುಕುವುದು. ಎಲೆಯ ಬಣ್ಣದ ಹುಳು ಕಣ್ಣಿಗೆ ಬೀಳದಿದ್ದರೂ ಅದರ ಹಿಕ್ಕೆ ಬೀಳುತ್ತದೆ. ಗಿಡದ ಕೆಳಗೆ ಕರಿಮೆಣಸಿನ ಗಾತ್ರದ, ಉದ್ದುದ್ದ ಗೀರುಗಳುಳ್ಳ ಹಿಕ್ಕೆಗಳಿದ್ದರೆ ಅದರ ನೇರ ಮೇಲೆ ನೋಡಬೇಕು. ನಂದಿಬಟ್ಟಲು, ಕಣಗಿಲೆಗಳಲ್ಲಿ ಕಣಗಿಲೆ ಪತಂಗದ ಹುಳು. ಎಳ್ಳಿನ ಹೊಲದಲ್ಲಿ, ಬೆನ್ನಿನ ಮೇಲೆ ತಲೆಬುರುಡೆಯ ಗುರುತುಳ್ಳ ಪತಂಗದ ಹುಳು. ಗೌರಿಹೂವಿನ ಗಿಡದಲ್ಲಿಯೂ ಕೆಸುವಿನಲ್ಲಿಯೂ ಸಾಲು ಕಣ್ಣುಗಳ ಚುಕ್ಕೆಯಿರುವ ಇನ್ನೊಂದು. ಹರಳು ಗಿಡದಲ್ಲಿ ಮೈಯನ್ನು ಕಮಾನಿನಂತೆ ಬಗ್ಗಿಸಿ ನಡೆಯುವ ಮತ್ತೊಂದು. ಮೈತುಂಬ ಕೂದಲಿರುವ ಕಂಬಳಿಹುಳುವನ್ನು, ಅದರಲ್ಲಿಯೂ ನುಗ್ಗೆಯ ಮರದಲ್ಲಿ ಗುಂಪಾಗಿ ಅಂಟಿಕೊಂಡಿರುವವನ್ನು, ಬರಿಗೈಯಿಂದ ಮುಟ್ಟಬಾರದು. ಮುಳ್ಳುಮುಳ್ಳಾದ ಗಿಡ್ಡ ಹಸಿರು ಹುಳುಗಳು ಚೇಳಿನಂತೆ ಕುಟುಕುವುದೂ ಉಂಟು. ಸಂರಕ್ಷಿತ ಅರಣ್ಯದೊಳಗಿನಿಂದ ಅನುಮತಿಯಿಲ್ಲದೆ ಏನನ್ನೂ ತರತಕ್ಕದ್ದಲ್ಲ. ಮನೆಯ ಹಿತ್ತಲು ನಮಗೆ ಸಾಕು.

ಕಣಗಿಲೆ ಪತಂಗದ ಮೊಟ್ಟೆ ಸಾಸಿವೆಯ ಗಾತ್ರದ ತಿಳಿಹಸಿರು ಗುಂಡು. ಎಲೆಗೊಂದರಂತೆ ಬಿಡಿಬಿಡಿಯಾಗಿ ಇರುತ್ತದೆ. ಮರಿಹುಳು ಹಳದಿ, ಬಾಲದ ಬಳಿ ಕಪ್ಪಾದ ಉದ್ದ ಕೊಂಬು. ಈ ಕೊಂಬು ಚುಚ್ಚುವುದಿಲ್ಲ. ಬೆಳೆಯುತ್ತ ಮೈ ಹಸಿರಾಗುತ್ತದೆ, ಕೊಂಬು ಗಿಡ್ಡಾಗುತ್ತದೆ, ಎದೆಯ ಭಾಗದಲ್ಲಿ ನೀಲಿ-ಬಿಳಿಯ ಎರಡು ದೊಡ್ಡ ಕಣ್ಣುಗಳಂತಹ ಗುರುತುಗಳು ಮೂಡುತ್ತವೆ. ಹುಳುವನ್ನು ಕೆಣಕಿದರೆ ಅದು ನಿಜವಾದ ತಲೆಯನ್ನು ಒಳಗೆಳೆದುಕೊಂಡು ಈ ಹುಸಿಗಣ್ಣುಗಳನ್ನು ಉಬ್ಬಿಸಿ ತೋರಿಸುತ್ತದೆ. ಹಕ್ಕಿಗೆ ಇದು ಹಾವಿನಂತೆ ಕಂಡರೆ ಆಶ್ಚರ್ಯವಿಲ್ಲ.

ಸಾಕುವ ಪೆಟ್ಟಿಗೆಯ ತಳಕ್ಕೆ ವೃತ್ತಪತ್ರಿಕೆಯನ್ನು ಹಾಸಿ, ಬಾಯಿಗೆ ತೆಳುಬಟ್ಟೆಯನ್ನು ಕಟ್ಟಬೇಕು. ಎಲೆಯ ರೆಂಬೆಯನ್ನು ನೀರಿನ ಸಣ್ಣ ಸೀಸೆಯಲ್ಲಿಟ್ಟು, ಸೀಸೆಯ ಬಾಯನ್ನು ಹತ್ತಿಯಿಂದ ಗಿಡಿಯಬೇಕು. ಇಲ್ಲದಿದ್ದರೆ ಹುಳು ಇಳಿದುಹೋಗಿ ನೀರಿನಲ್ಲಿ ಮುಳುಗೀತು. ಹಿಕ್ಕೆಯನ್ನು ದಿನವೂ ತೆಗೆಯಬೇಕು. ಪೆಟ್ಟಿಗೆ ಬಿಸಿಲಿನಲ್ಲಿರಬಾರದು, ಒಳಗೆ ಬೆವರಬಾರದು, ಒಂದರಲ್ಲಿ ಮೂರು ನಾಲ್ಕಕ್ಕಿಂತ ಹೆಚ್ಚು ಹುಳುಗಳಿರಬಾರದು. ಔಷಧಿ ಹೊಡೆದ ಗಿಡದ ಎಲೆ ಒಂದೇ ಊಟಕ್ಕೆ ಎಲ್ಲವನ್ನೂ ಕೊಲ್ಲುತ್ತದೆ. ಇರುವೆಯ ಕಾಟವಿದ್ದರೆ ಪೆಟ್ಟಿಗೆಯನ್ನು ನೀರಿನ ತಟ್ಟೆಯ ನಡುವೆ ಎತ್ತರದಲ್ಲಿ ಇಡಬೇಕು. ಕಣಗಿಲೆಯ ಹಾಲು ಹೃದಯಕ್ಕೆ ವಿಷ. ಎಲೆ ಮುಟ್ಟಿದ ಕೈಯನ್ನು ಸಾಬೂನಿನಿಂದ ತೊಳೆದ ಹೊರತು ಬಾಯಿಗೆ ತಾಗಿಸಬಾರದು. ಹುಳುವನ್ನು ಬೆರಳಿನಿಂದ ಕೀಳುವ ಬದಲು ಎಲೆಯ ಸಮೇತ ಸಾಗಿಸಬೇಕು.

ಕೆಲವು ದಿನಕ್ಕೊಮ್ಮೆ ಹುಳು ಮೇವು ಬಿಟ್ಟು ಅಲ್ಲಾಡದೆ ಕುಳಿತುಕೊಳ್ಳುತ್ತದೆ. ರೋಗವೆಂದು ಹೆದರಬೇಕಿಲ್ಲ, ಅದು ಪೊರೆ ಬಿಡುತ್ತಿದೆ. ನಮ್ಮ ರೇಷ್ಮೆ ಬೆಳೆಗಾರರು ಇದನ್ನು ‘ಜ್ವರ’ ಎಂದೇ ಕರೆಯುತ್ತಾರೆ. ಮೊದಲನೆಯ ಜ್ವರ, ಎರಡನೆಯ ಜ್ವರ ಎಂದು ನಾಲ್ಕನ್ನು ಎಣಿಸುತ್ತಾರೆ. ಜ್ವರದ ಹುಳುವನ್ನು ಮುಟ್ಟಬಾರದೆಂಬ ಅವರ ಕಟ್ಟಳೆ ಎಲ್ಲ ಹುಳುಗಳಿಗೂ ಸಲ್ಲುತ್ತದೆ. ರೇಷ್ಮೆಹುಳು ಇಪ್ಪತ್ತೈದು ದಿನಗಳ ಸುಮಾರಿಗೆ ಹುಟ್ಟಿದಾಗಿನ ತೂಕದ ಹತ್ತು ಸಾವಿರ ಪಟ್ಟು ಬೆಳೆಯುತ್ತದೆ. ಇಷ್ಟು ಬೇಗ ಹಿಗ್ಗುವ ಮೈಗೆ ಒಂದೇ ಚರ್ಮ ಸಾಲದು.

ಬಲಿತ ಹುಳು ಮೇವು ಬಿಟ್ಟು ಅಲೆದಾಡತೊಡಗಿದರೆ ‘ಹಣ್ಣಾಯಿತು’ ಎನ್ನುತ್ತಾರೆ. ಕಣಗಿಲೆ ಹುಳು ಈ ಹೊತ್ತಿಗೆ ಹಸಿರು ಬಿಟ್ಟು ಕಂದಾಗುತ್ತದೆ, ಏಕೆಂದರೆ ಇನ್ನು ಅದು ಅಡಗಬೇಕಾದದ್ದು ತರಗೆಲೆಯ ನಡುವೆ. ಪೆಟ್ಟಿಗೆಯಲ್ಲಿ ಎರಡು ಬೆರಳು ಸಡಿಲ ಮಣ್ಣು, ಅದರ ಮೇಲೆ ಒಣಗಿದ ಎಲೆ ಹಾಕಿಕೊಟ್ಟರೆ, ಕೆಲವು ನೂಲುಗಳಿಂದ ಎಲೆಗಳನ್ನು ಹೆಣೆದುಕೊಂಡು ಒಳಗೆ ಕೋಶವಾಗುತ್ತದೆ. ಕೋಶವನ್ನು ಆಗಾಗ ತೆಗೆದು ನೋಡುವ ಆಸೆಯನ್ನು ತಡೆಯಬೇಕು. ನಮ್ಮ ಹವೆಯಲ್ಲಿ ಎರಡು ವಾರಗಳ ಆಚೀಚೆ, ಸಾಮಾನ್ಯವಾಗಿ ರಾತ್ರಿಯ ಹೊತ್ತು, ಪತಂಗ ಹೊರಬರುತ್ತದೆ. ಆಗ ಅದರ ರೆಕ್ಕೆ ಮುದುಡಿದ ಹಸಿ ಎಲೆಯಂತಿರುತ್ತದೆ. ಹತ್ತಿ ತೂಗಾಡಲು ಒರಟು ಕಡ್ಡಿಯೊಂದು ಇರದಿದ್ದರೆ ರೆಕ್ಕೆ ಬಿಚ್ಚದೆ ಹಾಗೆಯೇ ಗಟ್ಟಿಯಾಗಿ, ಆ ಪತಂಗ ಎಂದೆಂದಿಗೂ ಹಾರಲಾರದು. ಒಂದು ಕಡ್ಡಿಯ ಉಪೇಕ್ಷೆಯಿಂದ ಒಂದು ತಿಂಗಳ ಶ್ರಮ ಹಾಳಾಗುವುದನ್ನು ಎಷ್ಟೋ ಕಡೆ ಕಾಣುತ್ತೇವೆ.

ಕೆಲವು ಸಲ ಪತಂಗದ ಬದಲು ಬೇರೇನೋ ಹೊರಬರುತ್ತದೆ. ಹುಳುವಿನ ಬೆನ್ನ ಮೇಲೆ ಅಕ್ಕಿಕಾಳಿನಂತಹ ಬಿಳಿಯ ಗೂಡುಗಳು ಕಾಣಿಸಿಕೊಂಡರೆ, ಹುಳು ಮೊಟ್ಟೆಯಿಟ್ಟಿದೆ ಎಂದು ಹಲವರು ಭಾವಿಸುತ್ತಾರೆ. ಹುಳು ಮೊಟ್ಟೆಯಿಡುವುದಿಲ್ಲ, ಅವು ಅದರ ಮೈಯೊಳಗೆ ಬೆಳೆದು ಹೊರಬಂದ ಸಣ್ಣ ಕಣಜಗಳ ಗೂಡುಗಳು. ರೇಷ್ಮೆ ಬೆಳೆಗಾರರ ಶತ್ರುವಾದ ಊಜಿ ನೊಣದ್ದೂ ಇದೇ ಬಗೆಯ ಕೆಲಸ. ಆ ನೊಣ 1980ರಲ್ಲಿ ಪಶ್ಚಿಮ ಬಂಗಾಳದಿಂದ ಕರ್ನಾಟಕಕ್ಕೆ ಬಂದು ರೇಷ್ಮೆಗೆ ಬಹಳ ನಷ್ಟವನ್ನುಂಟುಮಾಡಿತು. ನಿಮ್ಮ ಪೆಟ್ಟಿಗೆಯಲ್ಲಿ ಹೀಗಾದರೆ ಬೇಸರಪಟ್ಟು ಎಸೆಯಬೇಡಿ. ಯಾವ ಗಿಡ, ಯಾವ ಹುಳು, ಅದರಿಂದ ಯಾವ ಕಣಜ ಎಂಬ ಮೂರನ್ನೂ ಕಣ್ಣಾರೆ ಕಂಡವರು ಕಡಿಮೆ. ಹೊಲದ ಪೈರನ್ನು ಕಾಯುವವು ಬಹುಮಟ್ಟಿಗೆ ಇಂಥ ಕಣಜಗಳೇ. ನೋಟುಪುಸ್ತಕದಲ್ಲಿ ತಾರೀಖು, ಊರು, ಗಿಡದ ಹೆಸರು, ಪ್ರತಿ ಜ್ವರದ ದಿನ, ಹುಳುವಿನ ಉದ್ದ ಇವನ್ನು ಅಂದಂದೇ ಬರೆಯಬೇಕು. ಮೊಬೈಲ್ ಫೋನಿನಿಂದ ಚಿತ್ರ ತೆಗೆಯುವುದು ಸುಲಭವಾಗಿದೆ ನಿಜ. ಆದರೆ ಗಿಡದ ಹೆಸರಿಲ್ಲದ ಹುಳುವಿನ ಚಿತ್ರ ಅರ್ಧ ಸಾಕ್ಷ್ಯ. ಗಿಡ ಗೊತ್ತಿಲ್ಲದಿದ್ದರೆ ಹೂವು ಕಾಯಿಗಳಿರುವ ರೆಂಬೆಯೊಂದನ್ನು ಒಣಗಿಸಿಟ್ಟು, ಕಾಲೇಜಿನ ಸಸ್ಯಶಾಸ್ತ್ರದ ಅಧ್ಯಾಪಕರಿಗೆ ತೋರಿಸಬಹುದು.

ಮನೆಯಲ್ಲಿ ಹುಟ್ಟಿದ ಪತಂಗದಿಂದ ಇನ್ನೊಂದು ಪರೀಕ್ಷೆಯನ್ನೂ ಮಾಡಬಹುದು. ಮತ್ತಿ ಅಥವಾ ಬೋರೆಯ ಮರದಿಂದ ತಂದ ಟಸರ್ ಹುಳುವಿನ ಗೂಡು ಇದಕ್ಕೆ ಉತ್ತಮ. ಗೂಡಿನಿಂದ ಹೆಣ್ಣು ಹೊರಬಂದ ರಾತ್ರಿ ಅದನ್ನು ಜಾಲರಿಯ ಪಂಜರದಲ್ಲಿಟ್ಟು, ಹತ್ತಿರದ ದೀಪಗಳನ್ನೆಲ್ಲ ಆರಿಸಿ, ಕಿಟಕಿಯ ಹೊರಗೆ ತೂಗುಹಾಕಬೇಕು. ಫ್ರಾನ್ಸಿನ ಕೀಟಶಾಸ್ತ್ರಜ್ಞ ಫಾಬ್ರ್ ಅವರು ಹೀಗೆ ತಮ್ಮ ದೇಶದ ದೊಡ್ಡ ಪತಂಗವೊಂದರ ಹೆಣ್ಣನ್ನು ಮನೆಯಲ್ಲಿರಿಸಿದಾಗ, ಒಂದೇ ರಾತ್ರಿಯಲ್ಲಿ ನಲವತ್ತರಷ್ಟು ಗಂಡುಗಳು ಬಂದವಂತೆ. ಹೆಣ್ಣನ್ನು ಗಾಳಿಯಾಡದ ಪಾತ್ರೆಯಲ್ಲಿ ಮುಚ್ಚಿದರೆ ಒಂದೂ ಬರಲಿಲ್ಲ. ಗಂಡುಗಳನ್ನು ಕರೆಯುವುದು ವಾಸನೆಯೆಂದು ಇದರಿಂದ ಊಹಿಸಬಹುದಾಗಿತ್ತು. ಆ ವಾಸನೆಯ ವಸ್ತುವನ್ನು ರೇಷ್ಮೆ ಪತಂಗದಿಂದ ಮೊದಲು ಶುದ್ಧರೂಪದಲ್ಲಿ ಬೇರ್ಪಡಿಸಿದವರು ಜರ್ಮನಿಯ ಬುಟೆನಾಂಟ್. 1959ರಲ್ಲಿ ಪ್ರಕಟವಾದ ಆ ಕೆಲಸಕ್ಕೆ ಸುಮಾರು 5 ಲಕ್ಷ ಹೆಣ್ಣು ಪತಂಗಗಳು ಬೇಕಾದುವು. ನಿಮ್ಮ ಪಂಜರಕ್ಕೆ ಗಂಡು ಬಂದರೆ, ಬಂದ ಗಂಟೆಯನ್ನೂ ಗಾಳಿ ಬೀಸುತ್ತಿದ್ದ ದಿಕ್ಕನ್ನೂ ಬರೆದುಕೊಳ್ಳಿ. ಟಸರ್ ಪತಂಗಕ್ಕೆ ತಿನ್ನುವ ಬಾಯಿಲ್ಲ. ಹುಳುವಾಗಿದ್ದಾಗ ಕೂಡಿಟ್ಟ ಕೊಬ್ಬಿನ ಮೇಲೆ ಕೆಲವೇ ದಿನ ಬದುಕುತ್ತದೆ. ಆದುದರಿಂದ ಜೋಡಿಯನ್ನು ಮರುದಿನ ಸಂಜೆಯೇ, ಗೂಡು ಸಿಕ್ಕಿದ ಮರದ ಕೆಳಗೆ ಬಿಟ್ಟುಬಿಡಬೇಕು.